ಖಾಲಿ ದೋಸೆ ಮತ್ತು ವಿಡಿಯೋ ಕಾಲ್

ಬೆಳಗ್ಗೆ ಬೆಳಗ್ಗೆಯೇ ತಲೆ ಕೆಟ್ಟಿದೆ. ಹೇಳಿಕೊಳ್ಳೋಕೆ ನೀವೇ ಗತಿ.

ನಿಂತು ತಿನ್ನುವ ದರ್ಶಿನಿ ನನಗೆಷ್ಟು ಇಷ್ಟ ಅಂತ ನಿಮಗೆ ಗೊತ್ತಲ್ಲ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಶುರುವಾದ ಈ ಹೋಟೆಲುಗಳಲ್ಲಿ ಕುರ್ಚಿ ಇಲ್ಲ, 'ನನ್ನ ಟೇಬಲ್' ಅನ್ನೋದೂ ಇಲ್ಲ. ಹೊಸಬ ತಟ್ಟೆ ಹಿಡಿದು ಬಂದರೆ, ನಿಂತಿದ್ದವನು ಒಮ್ಮೆ ಮುಖ ನೋಡಿ, ಲೋಟ ಸ್ವಲ್ಪ ಸರಿಸುತ್ತಾನೆ. ಅಷ್ಟೇ. ಆಮೇಲೆ ಅವರವರ ಸಾಂಬಾರ್ ಅವರವರಿಗೆ. ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲೇ ಇದನ್ನು ಬಿಡಿಸಿ ಬರೆದಿದ್ದರು. ಅಪರಿಚಿತರು ಎದುರಾದಾಗ 'ನೀವಿರೋದು ಕಂಡೆ' ಅಂತ ಕಣ್ಣಲ್ಲೇ ಹೇಳಬೇಕು, ತಕ್ಷಣ ಕಣ್ಣು ತೆಗೆಯಬೇಕು. ಎರಡೂ ಬೇಕು. ದಿಟ್ಟಿಸಿದರೂ ತಪ್ಪು, ನೋಡದೇ ಇದ್ದರೂ ತಪ್ಪು.

ಇವತ್ತಿನ ಮಹಾಶಯರು ಖಾಲಿ ದೋಸೆ ತಂದಿಟ್ಟು, ಫೋನನ್ನು ನನ್ನ ನೀರಿನ ಲೋಟಕ್ಕೇ ಒರಗಿಸಿದರು. ನನ್ನ ಲೋಟಕ್ಕೆ! ಸ್ಪೀಕರ್ ಆನ್. ಆ ಕಡೆ ಭಾವ. ವಿಷಯ: ಮುರಿದುಬಿದ್ದ ನಿಶ್ಚಿತಾರ್ಥ. ನಡುವೆ ದೋಸೆ ತೋರಿಸೋಕೆ ಫೋನ್ ತಿರುಗಿಸಿದಾಗ ನಾನೂ ಅದರಲ್ಲಿ ಬಂದೆ. "ಯಾರೋ ಅದು?" ಅಂದರು ಭಾವ. "ಯಾರೂ ಇಲ್ಲ ಭಾವ, ನೀವು ಹೇಳಿ."

ಯಾರೂ ಇಲ್ಲವಂತೆ. ಒಂದು ಮೊಳ ದೂರದಲ್ಲಿ ಚಟ್ನಿ ನೆಂಚಿಕೊಂಡು ನಿಂತಿದ್ದೀನಿ!

ಗದ್ದಲ ನನ್ನ ತಕರಾರಲ್ಲ. ದರ್ಶಿನಿಯಲ್ಲಿ ಪಾತ್ರೆ ಸದ್ದು, ಕೂಗಾಟ ಇದ್ದದ್ದೇ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಕ್ರಿಕೆಟ್ ಬಗ್ಗೆ ಕಿತ್ತಾಡುತ್ತಿದ್ದರು. ನಾನು ತಿರುಗಿದಾಗ ಒಬ್ಬ ನಕ್ಕು ದನಿ ತಗ್ಗಿಸಿದ. ನಾನಿರೋದು ಅವನಿಗೆ ಗೊತ್ತಿತ್ತು, ಸಾಕು. ಎದುರಿಗೇ ಇದ್ದರೂ ಇಲ್ಲದವರಂತೆ ನಡೆಸಿಕೊಳ್ಳುವ ಜನರ ಬಗ್ಗೆಯೂ ಗಾಫ್‌ಮನ್ ಬರೆದಿದ್ದಾರೆ, ಮುಖ್ಯವಾಗಿ ಮನೆಯ ಆಳುಗಳ ಬಗ್ಗೆ. ನಮ್ಮಲ್ಲೂ ಮನೆಗೆಲಸದವರು ಪಾತ್ರೆ ತೊಳೆಯುತ್ತಿರುವಾಗಲೇ ಗಂಡ ಹೆಂಡತಿ ಒಡವೆ, ಆಸ್ತಿ ಎಲ್ಲ ಮಾತಾಡಿಕೊಳ್ಳೋದಿಲ್ವಾ? ಅವರ ಮೇಲಿನ ನಂಬಿಕೆಯಿಂದ ಅಂದುಕೊಂಡಿರಾ? ಸುಮ್ನಿರಿ. ಅವರನ್ನು ಲೆಕ್ಕಕ್ಕೇ ಇಟ್ಟಿರೋದಿಲ್ಲ. ಸ್ಪೀಕರ್ ಫೋನು ಆ ಭಾಗ್ಯವನ್ನು ಈಗ ಎಲ್ಲರಿಗೂ ಕೊಟ್ಟಿದೆ. ಮೆಟ್ರೋ, ಲಿಫ್ಟು, ಆಸ್ಪತ್ರೆ ಕ್ಯೂ, ಎಲ್ಲಿ ನೋಡಿದರೂ ನಾವೇ ಆ ಇಲ್ಲದ ಜನ.

'ಹಳ್ಳಿ ಬಸ್ಸಲ್ಲಿ ಎಲ್ಲರೂ ಜೋರಾಗಿ ಮಾತಾಡ್ತಿರಲಿಲ್ವಾ, ನಿಂದು ಸಿಟಿ ಮಡಿವಂತಿಕೆ' ಅಂತ ಒಬ್ಬರಾದರೂ ಕಾಮೆಂಟ್ ಹಾಕ್ತೀರಿ, ಗೊತ್ತು. ರೀ, ಆ ಬಸ್ಸಲ್ಲಿ ಪಕ್ಕದವರು ಮೊದಲು 'ಯಾವೂರಾಯ್ತು?' ಅಂತ ಕೇಳುತ್ತಿದ್ದರು. ಕಡಲೆಕಾಯಿ ಕೈಗೆ ಹಾಕುತ್ತಿದ್ದರು. ಮಗಳ ಮದುವೆ ಕಷ್ಟ ಹೇಳಿಕೊಂಡರೆ ನೀವೂ ಬಾಯಿ ಹಾಕಬಹುದಿತ್ತು. ಹಾಕದಿದ್ದರೇ ಬಿಗುಮಾನ ಅನ್ನುತ್ತಿದ್ದರು. ಇಲ್ಲಿ ಪೂರ್ತಿ ಕೇಳಿಸಿಕೊಳ್ಳಬೇಕು, ತುಟಿ ಬಿಚ್ಚೋ ಹಾಗಿಲ್ಲ.

ಅಂದಹಾಗೆ ಹುಡುಗ ಸಾಲ ಮುಚ್ಚಿಟ್ಟಿದ್ದನಂತೆ. ನನ್ನ ಕೇಳಿದ್ದರೆ ಹುಡುಗಿ ಬಿಟ್ಟಿದ್ದೇ ಸರಿ ಅನ್ನುತ್ತಿದ್ದೆ. ಭಾವ ಶುದ್ಧ ತಲೆಹರಟೆ.