431 ಕುದುರೆಗಳೂ ನಮ್ಮ ಬೀದಿಯ ಹಂಪೂ

ಹಿಂದಿನ ಚಕ್ರಗಳಿಂದ ಓಡುವ ಕಾರಿನ ಬಗ್ಗೆ ಹೆಮ್ಮೆಪಡಲು ನಮ್ಮ ದೇಶದಷ್ಟು ಕಷ್ಟದ ಜಾಗ ಬೇರೆ ಇರಲಿಕ್ಕಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ತರಕಾರಿ ಮೂಟೆ ಹೊತ್ತು ಓಡಾಡುವ ಓಮ್ನಿ, ಅಷ್ಟೇಕೆ, ಬೀದಿಕೊನೆಯ ಆಟೊ, ಇವೆಲ್ಲಕ್ಕೂ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೇ. 1983ರಲ್ಲಿ ಮಾರುತಿ 800 ಬಂದ ಮೇಲೆ ಮುಂದಿನ ಚಕ್ರದಿಂದ ಎಳೆಸಿಕೊಳ್ಳುವುದೇ ಆಧುನಿಕತೆಯ ಲಕ್ಷಣವೆಂದು ನಮ್ಮ ಹಿರಿಯರು ಒಪ್ಪಿಕೊಂಡುಬಿಟ್ಟಿದ್ದಾರೆ. ಹೀಗಾಗಿ, ಸೆಕೆಂಡ್ ಹ್ಯಾಂಡ್ ಆದರೂ ಸರಿಯೆಂದು ನಾನು ಬಿಎಂಡಬ್ಲ್ಯೂ ಎಂ3 ಸೆಡಾನ್ ಒಂದನ್ನು ಮನೆಗೆ ತಂದು, ಇದು ರಿಯರ್ ವೀಲ್ ಡ್ರೈವ್ ಎಂದು ಗಂಭೀರವಾಗಿ ವಿವರಿಸಿದಾಗ, ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ, "ಅಂಬಾಸಿಡರ್‌ಗೂ ಹಿಂದಿನ ಚಕ್ರವೇ ತಿರುಗ್ತಿತ್ತಲ್ಲೋ, ಅದನ್ನೇ ರಿಪೇರಿ ಮಾಡಿಸಿದ್ರೆ ಆಗ್ತಿರಲಿಲ್ವಾ?" ಎಂದು ಕೇಳಿ ಪೇಪರ್ ಓದಲು ಒಳಗೆ ಹೋದರು.

ಅವರಿಗೆ ಹೇಳಬೇಕೆಂದುಕೊಂಡು ಹೇಳದೆ ಉಳಿದ ಅಂಕಿಗಳನ್ನು ಇಲ್ಲಿ ಹೇಳಿಬಿಡುತ್ತೇನೆ. 2014ರಿಂದ 2018ರವರೆಗೆ ತಯಾರಾದ ಪೀಳಿಗೆಯ ಕಾರು ಇದು. ಎರಡು ಟರ್ಬೊಗಳ, ಆರು ಸಿಲಿಂಡರುಗಳ, ಮೂರು ಲೀಟರಿನ ಎಂಜಿನ್. ಶಕ್ತಿ 431 ಎಚ್‌ಪಿ, ಅಂದರೆ ಅಷ್ಟು ಕುದುರೆಗಳ ಬಲ; ಟಾರ್ಕ್, ಅಂದರೆ ತಿರುಗಿಸುವ ಬಲ, 550 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 1,850 ಸುತ್ತು ದಾಟುತ್ತಿದ್ದಂತೆಯೇ ಪೂರ್ತಿಯಾಗಿ ಲಭ್ಯ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು 4.1 ಸೆಕೆಂಡು ಸಾಕು. ಗೇರುಗಳು ಏಳು ಇವೆಯಾದರೂ ಎರಡನೆಯದರಲ್ಲೇ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ನೂರರ ಮಿತಿ ಮುಗಿದುಹೋಗುವುದರಿಂದ, ಕ್ಯಾಮೆರಾಗಳಿಗೆ ಹೆದರುವ ನನ್ನಂಥವನಿಗೆ ಉಳಿದ ಐದು ಗೇರುಗಳಿರುವುದು ಪೆಟ್ರೋಲ್ ಉಳಿಸುವುದಕ್ಕೆ ಮಾತ್ರ.

ಆದರೆ ದಿನನಿತ್ಯದ ಬದುಕಿನಲ್ಲಿ ನೂರರ ಮಾತು ಬರುವುದೇ ಇಲ್ಲ. ಬರುವುದು ಹಂಪಿನ ಮಾತು. ರಸ್ತೆ ಎಂಜಿನಿಯರುಗಳ ಕೈಪಿಡಿಯ ಪ್ರಕಾರ ಒಂದು ಹಂಪು 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಇರಬೇಕು. ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಣುಕಾಗಿರಬೇಕು. ನನ್ನ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.8 ಮೀಟರ್ ಅಂತರವಿದ್ದು, ಹೊಟ್ಟೆ ನೆಲದಿಂದ ಸುಮಾರು ಹನ್ನೆರಡು ಸೆಂಟಿಮೀಟರ್ ಮೇಲಿದೆ. ಒಂದು ಭಾನುವಾರ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಮುಂದಿನ ಹಿಂದಿನ ಚಕ್ರಗಳೆಲ್ಲ ಮೇಲೇರಿ ನಿಂತಾಗ ಕೈಪಿಡಿಯ ಹಂಪು ಅವುಗಳ ನಡುವೆ ಕಾರಿನ ಹೊಟ್ಟೆಯತ್ತ ಆರು ಸೆಂಟಿಮೀಟರಿನಷ್ಟು ಕೂಡ ಏಳುವುದಿಲ್ಲ, ಇನ್ನೂ ಅಷ್ಟೇ ಜಾಗ ಧಾರಾಳವಾಗಿ ಉಳಿಯುತ್ತದೆ. ಸಂತೋಷದಿಂದ ಟೇಪು ಹಿಡಿದು ಬೀದಿಗಿಳಿದೆ. ನಮ್ಮ ಬೀದಿಯ ಹಂಪಾದರೋ ಯಾವ ಕೈಪಿಡಿಯನ್ನೂ ಓದಿದ್ದಲ್ಲ. ಮೂರನೇ ಮನೆಯ ಮೋಲ್ಡಿಂಗ್ ಮುಗಿದ ರಾತ್ರಿ, ಉಳಿದ ಕಾಂಕ್ರೀಟನ್ನು ವ್ಯರ್ಥ ಮಾಡಬಾರದೆಂಬ ಸದುದ್ದೇಶದಿಂದ ಹುಟ್ಟಿದ್ದು. ಅದರ ಎತ್ತರವನ್ನು ಅಳೆದ ಮೇಲೆ ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು ಮೌನವಾಗಿ ವಾಪಸಾದೆ.

ಅದನ್ನು ದಾಟುವುದಕ್ಕೆ ಒಂದು ವಿಧಾನವಿದೆ. ನೇರವಾಗಿ ಹತ್ತದೆ, ಕಾರನ್ನು ಓರೆಯಾಗಿ ತಂದು, ಒಂದೊಂದೇ ಚಕ್ರವನ್ನು ಸರದಿಯ ಮೇಲೆ ಹತ್ತಿಸಿ ಇಳಿಸಬೇಕು. ಇದಕ್ಕೆ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ, ಮತ್ತು ಅದೇ ಗಳಿಗೆಗೆ ಎದುರಿನಿಂದ ನೀರಿನ ಟ್ಯಾಂಕರ್ ಬರಲೇಬೇಕು. ಹಿಂದೆ ಇಬ್ಬರು ಕುಳಿತಿದ್ದರೆ ಓರೆ ವಿದ್ಯೆಯೂ ಫಲಿಸುವುದಿಲ್ಲ. ಅವರು ಇಳಿದು, ಹಂಪನ್ನು ನಡೆದು ದಾಟಿ, ಆಚೆ ಮತ್ತೆ ಹತ್ತಿಕೊಳ್ಳಬೇಕು. ಜರತಾರಿ ಸೀರೆಯುಟ್ಟು ಮದುವೆಗೆ ಹೊರಟ ನಮ್ಮ ಅತ್ತೆಯವರು ಮೊದಲ ಸಲ ಹೀಗೆ ಇಳಿದಾಗ, ಮೂಲೆಯಲ್ಲಿ ಹೂ ಮಾರುವಾಕೆ ಮೊಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸಿ, "ಗಾಡಿ ಕೆಟ್ಟೋಯ್ತಾ ಅಮ್ಮಾ?" ಎಂದು ಕನಿಕರಪಟ್ಟಳು. ಈಗ ಆಕೆ ಕೇಳುವುದಿಲ್ಲ. ಕುಳಿತಲ್ಲಿಂದಲೇ "ಇನ್ನೊಂಚೂರು ಲೆಫ್ಟು, ಹಾಂ, ಬನ್ನಿ ಬನ್ನಿ" ಎಂದು ನನ್ನನ್ನು ದಾಟಿಸುತ್ತಾಳೆ.

ಮಳೆ ಬಂದರೆ ಕಥೆಯೇ ಬೇರೆ. ತಿಂಗಳುಗಟ್ಟಲೆ ರಸ್ತೆಗೆ ತೊಟ್ಟಿಕ್ಕಿದ ಎಣ್ಣೆ, ಧೂಳಿನೊಂದಿಗೆ ಕಲಸಿಕೊಂಡು, ಏಪ್ರಿಲ್‌ನ ಮೊದಲ ಮಳೆಗೆ ಮೇಲೆ ತೇಲುತ್ತದೆ. ಅಂಥ ಒಂದು ಸಂಜೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ಹಸಿರು ದೀಪ ಬಿದ್ದಾಗ ನಾನು ಬಲಗಾಲನ್ನು ಊರಿದ್ದು, ಮಲಗಿರುವ ಮಗುವಿನ ಪಕ್ಕದಿಂದ ಏಳುವಾಗಿನಷ್ಟು ಹುಷಾರಿನಿಂದ. ಆದರೂ ಹಿಂದಿನ ಚಕ್ರಗಳೆರಡೂ ನಿಂತಲ್ಲೇ ಗಿರಗಿರನೆ ತಿರುಗಿ, ಕಾರಿನ ಬಾಲ ಡಿವೈಡರಿನ ಕಡೆಗೆ ವಾಲಿತು. ಕಂಪ್ಯೂಟರು ಗಾಬರಿಯಿಂದ ಶಕ್ತಿಯನ್ನು ಕತ್ತರಿಸಿ, ಮೀಟರಿನ ನಡುವೆ ಹಳದಿ ದೀಪವನ್ನು ಪಟಪಟ ಮಿನುಗಿಸಿತು. ಪಕ್ಕದಲ್ಲಿದ್ದ ಆಟೊ, ತನ್ನ ಹತ್ತು ಎಚ್‌ಪಿಯ ಆಸುಪಾಸಿನ ಎಂಜಿನ್ನನ್ನು ಗುಡುಗುಡು ಎನ್ನಿಸಿಕೊಂಡು ಸಲೀಸಾಗಿ ಮುಂದೆ ಹೋಯಿತು. ಹೋಗುತ್ತ ಅದರ ಚಾಲಕ ತಲೆ ಹೊರಹಾಕಿ, "ಸಾರ್, ಹಿಂದಿನ್ ಟೈರ್ ಬೋಳಾಗಿದೆ, ಒಂದ್ಸಲ ನೋಡಿಸ್ಬಿಡಿ" ಎಂದ. ಟೈರುಗಳು ಹೊಚ್ಚ ಹೊಸವು. ಆದರೆ ಟಾರ್ಕಿನ ಸಿದ್ಧಾಂತವನ್ನು ವಿವರಿಸೋಣವೆಂದರೆ ಅವನನ್ನು ಹಿಡಿಯುವುದು ಹೇಗೆ?

ಎಂಜಿನ್ ಮುಂದೆ, ತಿರುಗುವ ಚಕ್ರ ಹಿಂದೆ ಎಂದ ಮೇಲೆ ಅವೆರಡರ ನಡುವೆ ಒಂದು ಶಾಫ್ಟ್ ಹಾಯಲೇಬೇಕಷ್ಟೆ. ಅದಕ್ಕಾಗಿ ಹಿಂದಿನ ಸೀಟಿನ ನಡುವೆ ಒಂದು ದಿಬ್ಬವಿದೆ. ಬೀದಿಯ ಹಂಪು ಸಾಲದೆಂದು ಕಾರಿನೊಳಗೂ ಒಂದು ಇಟ್ಟುಕೊಂಡಿದ್ದೀಯಲ್ಲ ಎಂದು ದೊಡ್ಡಮ್ಮ ಆಡಿಕೊಂಡರು. ಈ ದಿಬ್ಬದ ಕೆಳಗೆ ಕಾರ್ಬನ್ ಫೈಬರಿನ ಶಾಫ್ಟ್ ತಿರುಗುತ್ತಿದೆ, ಇಂಥ ಹೆಚ್ಚಿನ ಕಾರುಗಳಲ್ಲಿ ಅದು ಬರೀ ಉಕ್ಕು ಎಂದು ನಾನು ತಿಳಿಸಿದೆನಾದರೂ, ಮಂಡಿಯನ್ನು ಗಲ್ಲದ ಮಟ್ಟಕ್ಕೆ ಮಡಚಿಕೊಂಡು ಕುಳಿತಿದ್ದ ಅವರಿಗೆ ಅದರಿಂದ ಹೇಳಿಕೊಳ್ಳುವಂಥ ಸಮಾಧಾನವೇನೂ ಆಗಲಿಲ್ಲ.

ಬೆಳಗಿನ ಸ್ಟಾರ್ಟ್ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ, ಪಕ್ಕದ ಮನೆಯವರೂ ಓದುತ್ತಿರಬಹುದು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ತಣ್ಣಗಿರುವ ಎಂಜಿನ್ ಮೊದಲ ಕೆಲವು ಕ್ಷಣ ಜೋರಾಗಿ ತಿರುಗುತ್ತದೆ. ಪರಿಸರದ ಮೇಲಿನ ಈ ಕಾಳಜಿಯನ್ನು ಅದು ಇಡೀ ಬೀದಿಗೆ ಕೇಳಿಸುವಂತೆ ವ್ಯಕ್ತಪಡಿಸುತ್ತದೆ. ಪಕ್ಕದ ಮನೆಯ ಹಿರಿಯರು ಸಭ್ಯರು, ಒಂದು ದಿನವೂ ಆಕ್ಷೇಪಿಸಲಿಲ್ಲ. ಸುಪ್ರಭಾತದ ವಾಲ್ಯೂಮನ್ನು ಮಾತ್ರ ಏರಿಸಿದರು. "ರೀ, ಹಾಲಿಗೆ ನಡ್ಕೊಂಡೇ ಹೋಗಿ" ಎಂದು ಮನೆಯಾಕೆ ಆಜ್ಞೆ ಮಾಡಿದ ಮೇಲೆ ಎರಡೂ ಶಬ್ದಗಳು ತಗ್ಗಿವೆ.

ಆಯುಧಪೂಜೆಯ ದಿನ ನಡೆದದ್ದಕ್ಕೆ ನಾನು ಭೌತಶಾಸ್ತ್ರವನ್ನೇ ಹೊಣೆ ಮಾಡುತ್ತೇನೆ. ನಮ್ಮ ಗೇಟಿನ ಮುಂದೆ ನುಣುಪು ಗ್ರಾನೈಟಿನ ಇಳಿಜಾರಿದೆ. ಅದನ್ನು ಹತ್ತಿ ಹೊರಬರಬೇಕಾದ ಕಾರಿಗೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಪುರೋಹಿತರು ಮುಂದೆ ಬನ್ನಿ ಎಂದು ಕೈ ಮಾಡಿದರು. ಮುಂದಿನ ನಿಂಬೆಗಳು ಶಾಸ್ತ್ರೋಕ್ತವಾಗಿ ಅಪ್ಪಚ್ಚಿಯಾದವು. ಹಿಂದಿನವು ಮಾತ್ರ 275 ಮಿಲಿಮೀಟರ್ ಅಗಲದ ಟೈರಿನಡಿ ರಸವೊಡೆದು, ಒದ್ದೆ ಕಲ್ಲಿನ ಮೇಲೆ ಸಿಪ್ಪೆಯೇ ಜಾರುಬಂಡೆಯಾಗಿ, ಚಕ್ರಗಳು ಅಲ್ಲೇ ಸುತ್ತಿದವು. ರಸ, ಬೀಜ, ಸಿಪ್ಪೆ, ಕುಂಕುಮದ ನೀರು ಎಲ್ಲವೂ ಒಟ್ಟಾಗಿ ಹಿಂದಕ್ಕೆ ಚಿಮ್ಮಿದವು. ಹಿಂದೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ, ಆರತಿ ತಟ್ಟೆ ಹಿಡಿದು ಅಪ್ಪ ನಿಂತಿದ್ದರು. "ದೃಷ್ಟಿ ಪೂರ್ತಿ ಇಳೀತು ಬಿಡಿ" ಎಂದು ಪುರೋಹಿತರು ಸಂದರ್ಭವನ್ನು ಸಾವರಿಸಿದರು.

ಇಷ್ಟೆಲ್ಲ ಆದಮೇಲೂ ಇದನ್ನೇಕೆ ಇಟ್ಟುಕೊಂಡಿದ್ದೀಯೆಂದು ಕೇಳುವವರಿದ್ದಾರೆ. ಮೈಲೇಜ್ ಎಷ್ಟು ಎಂದು ಕೇಳುವವರು ಅವರಿಗಿಂತ ಹೆಚ್ಚು. ಎರಡನೆಯವರಿಗೆ ನಾನು ಉತ್ತರಿಸುವುದಿಲ್ಲ. ಮೊದಲನೆಯವರಿಗೆ ಹೇಳಬಹುದಾದದ್ದು ಇಷ್ಟು: ವೇಗ ಹೆಚ್ಚಿಸಿದಾಗ ಕಾರಿನ ಭಾರ ಹಿಂದಕ್ಕೆ ಸರಿದು ತಳ್ಳುವ ಚಕ್ರಗಳ ಹಿಡಿತವನ್ನೇ ಬಿಗಿ ಮಾಡುತ್ತದೆ, ಮುಂದಿನ ಚಕ್ರಗಳಿಗೆ ದಾರಿ ತೋರಿಸುವುದೊಂದೇ ಕೆಲಸವಾಗಿ ಉಳಿಯುತ್ತದೆ. ಹಾಸನ ದಾಟಿ ಸಕಲೇಶಪುರದ ಕಡೆಗೆ ಹೋಗುವಾಗ, ಮುಂದೆ ಲಾರಿಯಿಲ್ಲದ ಒಂದು ತಿರುವು ಸಿಕ್ಕರೆ, ಅರವತ್ತರ ವೇಗದಲ್ಲೂ ಈ ಶ್ರಮವಿಭಜನೆ ಅಂಗೈಗೆ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಸುಖವಿರುವುದು ಅಲ್ಲಿ, 4.1 ಸೆಕೆಂಡು ಮಾರಾಟ ಮಾಡುವವರ ಮಾತು.

ಸುಖದ ಬಿಲ್ಲು ಬರುವುದು ಟೈರು ಅಂಗಡಿಯಲ್ಲಿ. ಮುಂದಿನ ಟೈರಿನ ಅಗಲ 255, ಹಿಂದಿನದು 275 ಆದ್ದರಿಂದ ಹಿಂದಿನವು ಸವೆದರೆ ಮುಂದಿನವನ್ನು ಅಲ್ಲಿಗೆ ಹಾಕಿ ಇನ್ನಷ್ಟು ದಿನ ತಳ್ಳುವ ನಮ್ಮ ಮಧ್ಯಮವರ್ಗದ ಉಪಾಯ ಇಲ್ಲಿ ನಡೆಯದು. ಮೊನ್ನೆ ಅಂಗಡಿಯಾತ ಹಿಂದಿನ ಟೈರುಗಳನ್ನು ಬೆರಳಿನಿಂದ ಸವರಿ ತಲೆಯಾಡಿಸಿ, ಮುಂದಿನವುಗಳ ಗೀರುಗಳಲ್ಲಿ ನಾಣ್ಯವಿಟ್ಟು ಆಳ ನೋಡಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು ಕೇಳಿದ: "ಮುಂದಿನ್ ಎರಡೂ ಹೊಸದಾಗೇ ಇದೆಯಲ್ಲ ಸಾರ್, ಅವನ್ನ ಓಡ್ಸೋದೇ ಇಲ್ವಾ?"