ಎಷ್ಟು ಎಕರೆಕ್ಕ ಬಿದ್ದದ?

ಗಿಡದಲ್ಲಿ ಕಂಡ ಹುಳದ ಹೆಸರು ಕೇಳಿದರೆ ನಮ್ಮ ರಾಯಚೂರಿನಲ್ಲಿ ಯಾರೂ ಹೆಸರು ಹೇಳುವುದಿಲ್ಲ. ಯಾವ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕು ಅಂತ ಹೇಳುತ್ತಾರೆ. ನಾನು ಕೇಳಿದ್ದು ಅದಲ್ಲ! ಇರುವುದು ಪೇಂಟ್ ಡಬ್ಬಿಯಲ್ಲಿ ಬೆಳೆದ ಒಂದು ಕರಿಬೇವು. ಒಲೆ ಮೇಲೆ ಸಾಸಿವೆ ಸಿಡಿಯುವಾಗ ಓಡಿ ಬಂದು ಕೈ ಹಾಕಿದರೆ ಬರೀ ಕಡ್ಡಿ. ತಿಂದವರು ಯಾರು ಅಂತ ಕೇಳುವ ಹಕ್ಕಾದರೂ ನನಗೆ ಬೇಡ್ವಾ?

ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ ಇದೆಯಲ್ಲ, ಅದನ್ನೂ ಕೇಳಿದೆ. ಹುಳದ ಮೂತಿಗೇ ಮೊಬೈಲ್ ಹಿಡಿದೆ. ಅದು ಸುಮಾರು ಹೊತ್ತು ಯೋಚಿಸಿ "ಇದು ಕರಿಬೇವು" ಅಂತು. ಅಷ್ಟೂ ಗೊತ್ತಿಲ್ಲದೆ ಇಷ್ಟು ವರ್ಷ ಮಂಡಾಳು ಸುಸ್ಲಾ ಮಾಡಿದ್ದೀನಾ?

ಇನ್ನು ಎದುರು ಮನೆ ಕಾಕಾ. ಮೊದಲು ಗೊಬ್ಬರದ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿ ಕಾಲವಾಯಿತು, ಕಾಕಾ ಮಾತ್ರ ಇನ್ನೂ ಮುಚ್ಚಿಲ್ಲ. ಎಲೆಯಲ್ಲಿ ತೂತು ಕಂಡರೆ ಸಾಕು, ಕನ್ನಡಕ ಹಣೆಗೇರುತ್ತದೆ.

"ತಂಗಿ, ಎಷ್ಟು ಎಕರೆಕ್ಕ ಬಿದ್ದದ?"

"ಕಾಕಾ, ಇದು ಡಬ್ಬಿ."

"ಅದೇ, ಎಕರೆಕ್ಕ 200 ಲೀಟರ್ ನೀರು ಹಿಡಿ. ಪಂಪಿಗೆ ಎಷ್ಟು ಎಂಎಲ್ ಹಾಕಬೇಕು ಅಂತ ನಾ ಹೇಳ್ತೀನಿ."

ಹಬ್ಬದ ದಿನ ಬಾಗಿಲ ತೋರಣದ ಮಾವಿನೆಲೆ ತಿರುವಿ ನೋಡಿ ಇದೇ ಪ್ರಶ್ನೆ ಕೇಳಿದ್ದರು. ಮೊಮ್ಮಗಳು ಡ್ರಾಯಿಂಗ್ ಪುಸ್ತಕದಲ್ಲಿ ಬರೆದ ಎಲೆಗೂ ಕೇಳಿದರಂತೆ. ಆ ಹುಡುಗಿ ಜಾಣೆ, "ಎರಡು ಪೇಜಿಗೆ" ಅಂದಳಂತೆ. ಹೆಸರೇನು ಅಂತ ನಾನು ಒತ್ತಾಯಿಸಿದರೆ ಒಂದೇ ಉತ್ತರ: "ಕಾಯಿಕೊರಕ." ಕಾಯಿಯೇ ಇಲ್ಲದ ಗಿಡದಲ್ಲಿ ಅದೇನು ಕೊರೆಯುತ್ತದೆ ಕಾಕಾ ಅಂದರೆ, "ಬರೋ ಕಾಯಿಗೆ ಕಾಯಕ್ಕತ್ತದ" ಅಂದರು.

ಅಷ್ಟಕ್ಕೇ ಬಿಡದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಹುಳವನ್ನು ಬೆರಳಿನಿಂದ ತಿವಿದರು. ಅದು ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಹಾಕಿತು. ಜೊತೆಗೇ ಘಾಟು ವಾಸನೆ. ಕಾಕಾ "ಯಪ್ಪಾ!" ಅಂತ ಹಿಂದೆ ಸರಿದು ತುಳಸಿಕಟ್ಟೆ ಮೇಲೆ ಕೂತುಬಿಟ್ಟರು. ಇಡೀ ಜಿಲ್ಲೆಗೆ ಎಣ್ಣೆ ಮಾರಿದವರಿಗೆ ಎಣ್ಣೆ ಹೊಡೆದದ್ದು ಬೆರಳುದ್ದದ ಹುಳ.

ಆ ಕೊಂಬಿನಿಂದಲೇ ಗುಟ್ಟು ರಟ್ಟಾಯಿತು. ಕರಿಬೇವು, ನಿಂಬೆಯ ಎಲೆ ತಿನ್ನುವ ಚಿಟ್ಟೆಮರಿ ಅದು. ಚಿಕ್ಕದಿರುವಾಗ ಥೇಟ್ ಹಕ್ಕಿ ಹಿಕ್ಕೆ. ನಾನೂ ಹಾಗಂದುಕೊಂಡೇ ಮುಟ್ಟಿರಲಿಲ್ಲ, ಅದರ ಉಪಾಯವೂ ಅದೇ. ಬಲಿತ ಮೇಲೆ ಹಸಿರಾಗುತ್ತದೆ. ಹುಳದ ಗುರುತು ಬೇಕಾದರೆ ಮೊದಲು ಕೂತ ಗಿಡ ನೋಡಬೇಕು. ಎಕ್ಕದ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯದು. ಕಣಗಿಲೆಯಲ್ಲಿ ನೀಲಿ ಕಣ್ಣಿನಂಥ ಚುಕ್ಕೆಯ ದಪ್ಪ ಹಸಿರು ಹುಳ. ನುಗ್ಗೆಯ ಕಂಬಳಿಹುಳು ಮುಟ್ಟಿದರೆ ಗೊತ್ತಾಗುತ್ತದೆ, ಮುಟ್ಟಬೇಡಿ. ಕುಷ್ಟಗಿ ಕಡೆಯ ದಾಳಿಂಬೆ ಬೆಳೆಗಾರರನ್ನು ಅಳಿಸುವುದೂ ಒಂದು ಚಿಟ್ಟೆಯ ಮರಿಯೇ, ಹಣ್ಣಿನೊಳಗೇ ಮನೆ ಮಾಡುತ್ತದೆ. ಅಂದರೆ ಮೊದಲು ಗಿಡದ ಹೆಸರು ಹೇಳಿದ ಆ ಆ್ಯಪ್ ಅಷ್ಟೇನೂ ದಡ್ಡ ಅಲ್ಲ. ಆದರೂ ಡಿಲೀಟ್ ಮಾಡಿದೆ.

ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕಾಕಾ ತಣ್ಣಗೆ ಮಾತಾಡಿದರು. 2002ರಲ್ಲಿ ಬಿಟಿ ಹತ್ತಿಗೆ, ಅಂದರೆ ಕಾಯಿಕೊರಕವನ್ನು ತಾನೇ ಕೊಲ್ಲುವ ಕುಲಾಂತರಿ ಹತ್ತಿಗೆ, ಒಪ್ಪಿಗೆ ಸಿಗುವ ಮುಂಚಿನ ಮಾತು. ಮಾನ್ವಿ ಕಡೆ ರೈತರು ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬೆಳಿಗ್ಗೆಯೇ ಅಂಗಡಿ ಮುಂದೆ ನಿಂತಿರುತ್ತಿದ್ದರಂತೆ. "ಹೆಸರು ಯಾರು ಕೇಳ್ತಿದ್ರು ತಂಗಿ? ಎಣ್ಣಿ ಉದ್ರಿ ಕೊಡ್ತೀಯೇನು ಅಂತಿದ್ರು. ಕೊಡ್ತಿದ್ದೆ. ಹುಳ ಸಾಯ್ತಿರಲಿಲ್ಲ, ಸಾಲ ಬೆಳೀತಿತ್ತು." ಬಿಟಿ ಬಂದ ಮೇಲೆ ಕೆಲವು ವರ್ಷ ಹಗುರವಾಗಿತ್ತು, ಆಮೇಲೆ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು. ನಾನು ಏನೂ ಹೇಳಲಿಲ್ಲ. ಕಾಕಾ ಕಪ್ಪಿನ ತಳ ನೋಡುತ್ತಾ ಕೂತಿದ್ದರು.

ಮರುಕ ಬಂದದ್ದೇ ತಪ್ಪಾಯಿತು. ಮೊಮ್ಮಗಳು ಆ ಹುಳವನ್ನು ಸ್ವೀಟ್ ಡಬ್ಬಿಯಲ್ಲಿ ಸಾಕುತ್ತೇನೆ ಅಂತ ಒಯ್ದಳು. ಈಗ ದಿನಾ ಕಾಕಾ ನಮ್ಮ ಗೇಟಿನಲ್ಲಿ. ಅಳಿದುಳಿದ ಎಲೆಯಲ್ಲಿ ಅವರಿಗೆ ಎಳೆಯದೇ ಬೇಕು. ನಾನು ಸಂತೆಯಿಂದ ಕರಿಬೇವು ತರುತ್ತಿದ್ದೇನೆ, ಅವರ ಹುಳಕ್ಕೆ ಮನೆಯದು. ನಿನ್ನೆ ಕೊನೆಯ ಕುಡಿಯನ್ನೂ ಚಿವುಟಿ ಕೈಗಿಟ್ಟರೆ, ಮೂಸಿ ನೋಡಿ ಗದರಿಸಿಯೇ ಕೇಳಿದರು:

"ಎಣ್ಣಿ ಗಿಣ್ಣಿ ಹೊಡದಿಲ್ಲಲ್ಲ?"