ನಮ್ಮ ಜಿಲ್ಲೆಯ ಕನಸಿಗೆ ಯಾವ ಸೈಜಿನ ಬಲೆ?

ಕಾರವಾರದ ಹೊಸ ಮನೆಗಳ ಬಂದೋಬಸ್ತು ನೋಡಿದರೆ ಖುಷಿಯಾಗುತ್ತದೆ. ಗೇಟಿಗೆ ಸಿಸಿಟಿವಿ ಕ್ಯಾಮೆರಾ. ತಾರಸಿಯ ಅಂಚಿಗೆ ನಾಲಿಗೆ ಚಾಚಿದ ದೃಷ್ಟಿಗೊಂಬೆ. ಬಾಗಿಲಿಗೆ ಮಾವಿನ ತೋರಣ, ಅದರ ಪಕ್ಕ ನಿಂಬೆಹಣ್ಣು, ಹಸಿಮೆಣಸು. ಇಷ್ಟು ಚೆಕ್‌ಪೋಸ್ಟ್ ದಾಟಿಯೂ ಯಾವುದೋ ಕೆಟ್ಟದ್ದು ಒಳಗೆ ನುಗ್ಗಿತು ಅಂತಿಟ್ಟುಕೊಳ್ಳಿ. ಅದಕ್ಕೆಂದೇ ಮಲಗುವ ಕೋಣೆಯ ಕಿಟಕಿಯಲ್ಲಿ ಒಂದು ಬಳೆ, ಬಳೆಯೊಳಗೆ ಬಲೆ, ಕೆಳಗೆ ನಾಲ್ಕು ಪುಕ್ಕ. ಡ್ರೀಮ್ ಕ್ಯಾಚರ್! ಕೆಟ್ಟ ಕನಸು ಹಿಡಿಯುವ ಬಲೆಯಂತೆ. ಅದರ ಕೆಳಗೆ ಮಲಗಿದವರು ನಡುರಾತ್ರಿ ದಾಟುವವರೆಗೆ ಮೊಬೈಲ್ ಉಜ್ಜುತ್ತಿರುತ್ತಾರೆ. ಕನಸು ಬೀಳಬೇಕಾದರೆ ಮೊದಲು ನಿದ್ದೆ ಬರಬೇಕಲ್ವಾ? ಇರಲಿ, ಅದು ಅವರ ಮನೆ ವಿಚಾರ.

ನನ್ನ ತಕರಾರು ಬೇರೆ. ಕಿಟಕಿಯಲ್ಲಿ ತನ್ನ ಪಾಡಿಗೆ ತೂಗಾಡುತ್ತಿದ್ದ ಈ ಬಳೆ ಈಗ ಸ್ವ ಉದ್ಯೋಗ ತರಬೇತಿಯಾಗಿದೆ.

ಮಳೆಗಾಲದಲ್ಲಿ ಇಂಥ ತರಬೇತಿಗಳು ಜೋರು. ಒಂದು ಸಭಾಭವನ, ಒಂದು ಬ್ಯಾನರ್. ಬ್ಯಾನರ್ ತುಂಬ ಗಣ್ಯರ ಮುಖಗಳು. ಡ್ರೀಮ್ ಕ್ಯಾಚರ್ ಚಿತ್ರಕ್ಕೆ ಮೂಲೆಯಲ್ಲಿ ಅಂಚೆಚೀಟಿ ಅಳತೆಯ ಜಾಗ. ದೀಪ ಹಚ್ಚಲು ಗಾಳಿ ಬಿಡುವುದಿಲ್ಲ, "ಫ್ಯಾನ್ ಬಂದ್ ಮಾಡ್ರೋ" ಎಂದು ಯಾರೋ ಕೂಗುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷರ ನುಡಿ ಎಲ್ಲ ಮುಗಿದು ವಂದನಾರ್ಪಣೆ ಬರುವಷ್ಟರಲ್ಲಿ ಊಟದ ಹೊತ್ತು. ಮಾತು ಜಾಸ್ತಿಯಾಯಿತು ಎಂದು ಗೊಣಗಬೇಡಿ. ಸಭಿಕರಿಗೆ ತೂಕಡಿಕೆ ಹತ್ತದೆ ಕನಸಿನ ಉದ್ಯಮಕ್ಕೆ ಕಚ್ಚಾ ಮಾಲು ಎಲ್ಲಿಂದ ಬರಬೇಕು?

ಊಟವಾದ ಮೇಲೆ ಕಿಟ್ ಹಂಚುತ್ತಾರೆ. ರಟ್ಟಿನ ಡಬ್ಬಿ. ಮುಚ್ಚಳದ ಮೇಲೆ "ಅಪ್ಪಟ ಕರಕುಶಲ" ಎಂದು ಯಂತ್ರದಲ್ಲಿ ಅಚ್ಚಾದ ಅಕ್ಷರ. ಒಳಗೆ ಕಬ್ಬಿಣದ ಬಳೆ, ನೈಲಾನ್ ನೂಲು, ಪ್ಲಾಸ್ಟಿಕ್ ಮಣಿ, ಗುಲಾಬಿ ಬಣ್ಣದ ಪುಕ್ಕ. ಇದು ಯಾವ ಹಕ್ಕಿಯದು ಎಂದು ಯಾರೂ ಕೇಳುವುದಿಲ್ಲ. ದಾಂಡೇಲಿಯ ಮಂಗಟ್ಟೆಯದಂತೂ ಅಲ್ಲ, ಅದನ್ನು ಮುಟ್ಟಿದರೆ ಅರಣ್ಯ ಇಲಾಖೆ ಮನೆಗೇ ಬರುತ್ತದೆ. ಬೆತ್ತ, ಬಿದಿರು, ಬಾಳೆನಾರು, ತೆಂಗಿನನಾರು, ಅಡಿಕೆ ಹಾಳೆ ಎಲ್ಲ ಕಾಲಿಗೆ ತೊಡರುವ ಜಿಲ್ಲೆಗೆ ಕೈಕೆಲಸದ ಸಾಮಾನು ಕೊರಿಯರ್‌ನಲ್ಲಿ ಬಂದಿದೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಬಳೆಗೆ ಬಟ್ಟೆಯ ಪಟ್ಟಿ ಸುತ್ತಬೇಕು. ನೂಲಿನ ತುದಿಯನ್ನು ಒಂದು ಕಡೆ ಗಂಟು ಹಾಕಿ, ಸಮ ಅಂತರದಲ್ಲಿ ಬಳೆಯ ಸುತ್ತ ಕುಣಿಕೆ ಹಾಕುತ್ತ ಬರಬೇಕು. ಎರಡನೇ ಸುತ್ತಿನಿಂದ ಬಳೆಯ ಸಂಗ ಬಿಟ್ಟು, ಹಿಂದಿನ ಸುತ್ತಿನ ಪ್ರತಿ ನೂಲಿನ ನಡುವಿಗೆ ಕುಣಿಕೆ. ಕೈ ಸಡಿಲಾದರೆ ಬಲೆ ಜೋತುಬೀಳುತ್ತದೆ, ತೀರಾ ಎಳೆದರೆ ಬೆತ್ತದ ಬಳೆಯಾದರೆ ಸೊಟ್ಟಗಾಗುತ್ತದೆ. ಸುತ್ತು ಹಾಕಿದಂತೆ ಕಣ್ಣು ಕಿರಿದಾಗುತ್ತ ನಡುವೆ ಒಂದು ತೂತು ಉಳಿಯುತ್ತದೆ. ಅಲ್ಲಿಗೆ ಗಂಟು, ಕೆಳಗೆ ಪುಕ್ಕ.

ಇಷ್ಟನ್ನು ಕಲಿಸಲು ದೂರದ ನಗರದಿಂದ ಸಂಪನ್ಮೂಲ ವ್ಯಕ್ತಿ ಬಂದಿರುತ್ತಾರೆ. ಅದೇ ಹೊತ್ತಿಗೆ ಬೈತಖೋಲ ಬಂದರಿನಲ್ಲಿ ಟಾರ್ಪಾಲಿನ ಕೆಳಗೆ ಕುಳಿತವರು ಹರಿದ ಬಲೆ ಹೊಲಿಯುತ್ತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆಗ ಅವರ ಕೈಗೆ ಇದೇ ಕೆಲಸ. ಬೀಡಿ ಸೇದುತ್ತ, ಪಕ್ಕದವನಿಗೆ ಬೈಯುತ್ತ, ನೋಡದೆಯೇ ಗಂಟು ಹಾಕುತ್ತಾರೆ, ಒಂದು ಕಣ್ಣೂ ಹೆಚ್ಚುಕಮ್ಮಿ ಆಗುವುದಿಲ್ಲ. ಅವರನ್ನೇ ಕರೆಯಬಹುದಿತ್ತು. ಆದರೆ ಅವರ ಹತ್ತಿರ ಪಿಪಿಟಿ ಇಲ್ಲ. ತರಬೇತಿ ಮುಗಿಸಿ ಬಂದ ಹುಡುಗಿ ಅಲ್ಲಿನ ಅಜ್ಜನಿಗೆ ತಾನು ಮಾಡಿದ್ದನ್ನು ತೋರಿಸಿದಳಂತೆ.

"ಇದಕ್ಕೆ ಎಂತಾ ಬೀಳ್ತದೆ ಮಗಾ?"

"ಕನಸು ಅಜ್ಜಾ, ಕೆಟ್ಟ ಕನಸು."

"ಹರಾಜಲ್ಲಿ ಕಿಲೋಕ್ಕೆ ಎಷ್ಟು?"

ಯಾರೂ ಮಾಡದ ಮಾರುಕಟ್ಟೆ ಸಮೀಕ್ಷೆಯನ್ನು ಅಜ್ಜ ಒಂದೇ ಪ್ರಶ್ನೆಯಲ್ಲಿ ಮುಗಿಸಿದ.

ಭಾಷಣದಲ್ಲಿ ಒಬ್ಬರು ಇದನ್ನು ನಮ್ಮ ಪ್ರಾಚೀನ ವಾಸ್ತುವಿಗೂ ಸೇರಿಸಿಬಿಟ್ಟರು. ಅಸಲಿಗೆ ಇದು ಅಮೆರಿಕ ಮತ್ತು ಕೆನಡಾದ ನಡುವಿನ ದೊಡ್ಡ ಸರೋವರಗಳ ಸುತ್ತಲಿನ ಒಜಿಬ್ವೆ ಎಂಬ ಮೂಲನಿವಾಸಿ ಜನರದ್ದು. ಫ್ರಾನ್ಸೆಸ್ ಡೆನ್ಸ್‌ಮೋರ್ ಎಂಬಾಕೆ ಆ ಜನರ ರೂಢಿಗಳ ಬಗ್ಗೆ 1929ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಇದನ್ನು ದಾಖಲಿಸಿದ್ದಾರೆ. ಬಳೆಯ ಅಳತೆ ಸುಮಾರು ಮೂರೂವರೆ ಇಂಚು. ತೂಗುಹಾಕುತ್ತಿದ್ದದ್ದು ಕೂಸಿನ ತೊಟ್ಟಿಲ ಹಲಗೆಗೆ. ಜೇಡನ ಬಲೆ ನೊಣ ಹಿಡಿದ ಹಾಗೆ ಇದು ಕೂಸಿನತ್ತ ಬರುವ ಕೆಡುಕನ್ನು ಹಿಡಿಯಲಿ ಎಂಬ ಆಸೆ ಅಷ್ಟೇ. ಈಗ ನಮ್ಮ ಹಾಲ್‌ಗಳಲ್ಲಿ ನೇತಾಡುವುದು ಎರಡು ಅಡಿಯದ್ದು. ಮನೆ ಯಜಮಾನರ ಮನಸ್ಸಿನಲ್ಲಿ ಓಡಾಡುವ ಕೆಡುಕಿಗೆ ಮೂರೂವರೆ ಇಂಚು ಸಾಲುವುದಿಲ್ಲ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಮೂಲನಿವಾಸಿಗಳು ಮಾಡದ್ದನ್ನು ಅವರೇ ಮಾಡಿದ್ದೆಂದು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ. ನಮಗೆ ಆ ತಲೆನೋವಿಲ್ಲ. ಡಬ್ಬಿಯ ಮೇಲೆ "ಬುಡಕಟ್ಟು ಕಲೆ" ಎಂದಿದ್ದರೆ ಸಾಕು, ಯಾವ ಬುಡಕಟ್ಟು ಎಂದು ಕೇಳುವುದು ಒರಟುತನ. ಹಾಗೆ ಕೇಳಲು ಹೋದರೆ ಮಾತು ಅಂಕೋಲೆಯ ಕಡೆ ತಿರುಗುವ ಅಪಾಯವಿದೆ. ಅಲ್ಲಿನ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳ ಮಣಿಸರಗಳು ಪ್ರವಾಸೋದ್ಯಮದ ಚಿತ್ರಗಳಿಗೆ ಬೇಕು. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಅವರ ಸಮುದಾಯ ಕೇಳಿಕೊಂಡು ಬಂದು ಎಷ್ಟು ಕಾಲವಾಯಿತು! ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಕೌದಿ ಹೊದ್ದರೆ ನಿಜಕ್ಕೂ ನಿದ್ದೆ ಬರುತ್ತದೆ. ಅದನ್ನು ಕಿಟಕಿಗೆ ತೂಗುಹಾಕಲು ಆಗುವುದಿಲ್ಲ ನೋಡಿ. ದೂರದ ಬುಡಕಟ್ಟಿನ ಬಳೆ ಎಷ್ಟೋ ವಾಸಿ. ಅದು ಅರ್ಜಿ ಹಿಡಿದುಕೊಂಡು ಕಚೇರಿಗೆ ಬರುವುದಿಲ್ಲ.

ಇಷ್ಟಾದ ಮೇಲೂ ನಂಬಿಕೆ ಇಟ್ಟು ನೋಡೋಣ. ಒಳ್ಳೆಯ ಕನಸು ನಡುವಿನ ತೂತಿನಿಂದ ನುಸುಳಿ, ಪುಕ್ಕದ ಮೇಲೆ ಜಾರಿ ಮಲಗಿದವರ ತಲೆಗಿಳಿಯುತ್ತದೆ. ಕೆಟ್ಟದ್ದು ಬಲೆಗೆ ಸಿಕ್ಕಿ ಬೆಳಗಿನ ಬಿಸಿಲಿಗೆ ಸುಟ್ಟುಹೋಗುತ್ತದೆ. ಮಳೆಗಾಲದಲ್ಲಿ ಕಾರವಾರಕ್ಕೆ ಬಿಸಿಲು ಬರುವವರೆಗೆ ಅವು ಎಲ್ಲಿರುತ್ತವೆ ಎಂದು ಕೇಳಿದೆ. ಸಂಪನ್ಮೂಲ ವ್ಯಕ್ತಿ ನೀರು ಕುಡಿದರು.

ಈಗ ಜಿಲ್ಲೆಯ ಕನಸುಗಳನ್ನು ಒಂದೊಂದಾಗಿ ಬಿಡೋಣ. ಮೊದಲನೆಯದು ಹುಬ್ಬಳ್ಳಿ–ಅಂಕೋಲಾ ರೈಲು. 1990ರ ದಶಕದಿಂದ ಈ ರೈಲು ನಮ್ಮ ನಿದ್ದೆಯಲ್ಲೇ ಓಡುತ್ತಿದೆ. ಕರಾವಳಿಯ ವ್ಯಾಪಾರಿಗೆ ಇದು ಸಿಹಿ ಕನಸು. ಸುಮಾರು 595 ಹೆಕ್ಟೇರ್ ಕಾಡು, ಎರಡು ಲಕ್ಷಕ್ಕೂ ಹೆಚ್ಚು ಮರ ಎಂಬ ಲೆಕ್ಕ ಕೇಳಿದ ಪರಿಸರದವರಿಗೆ, ಘಟ್ಟದ ಸಿಂಗಳೀಕಕ್ಕೆ ಇದೇ ದುಃಸ್ವಪ್ನ. ಒಂದೇ ರೈಲು ತೂತಿನಿಂದ ಹೋಗಬೇಕೋ, ಬಲೆಗೆ ಬೀಳಬೇಕೋ? ಡ್ರೀಮ್ ಕ್ಯಾಚರ್ ತಲೆ ಕೆರೆದುಕೊಳ್ಳುತ್ತದೆ. ಅದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಒಂದು ಚುನಾವಣೆ ಮುಗಿದಿರುತ್ತದೆ.

ಎರಡನೆಯದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. 2022ರಲ್ಲಿ ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಜಿಲ್ಲೆಯವರು ಮೊಬೈಲಿನಲ್ಲೇ ದೊಡ್ಡ ಚಳವಳಿ ಮಾಡಿದರು. ಒಳ್ಳೆಯ ಕನಸು, ನೇರವಾಗಿ ತೂತಿನಿಂದ ಇಳಿಯಬೇಕಿತ್ತು. ಆದರೆ ದೊಡ್ಡ ಕಾಯಿಲೆ ಬಂದರೆ ಆಂಬುಲೆನ್ಸ್ ಈಗಲೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತದೆ. ಬಲೆಯ ತೂತಿಗಿಂತ ಕನಸು ದಪ್ಪವಾಗಿತ್ತೇನೋ.

ಮೂರನೆಯದು ಕನಸಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದುಬಿತ್ತು. ಮೇಲಿದ್ದ ಲಾರಿ ನೀರಿಗೆ ಹೋಯಿತು. ಊರಿನವರ ಕಿಟಕಿಗಳಲ್ಲಿ ನೇತಾಡುತ್ತಿದ್ದ ಅಷ್ಟೂ ಬಳೆಗಳು ಆ ರಾತ್ರಿ ಗಾಳಿಗೆ ಪುಕ್ಕ ಅಲ್ಲಾಡಿಸುತ್ತಿದ್ದವು. ಚಾಲಕನನ್ನು ದಡ ಸೇರಿಸಿದ್ದು ಪೊಲೀಸರ ಜೊತೆ ದೋಣಿ ಹಾಕಿಕೊಂಡು ಹೋದ ಸ್ಥಳೀಯ ಮೀನುಗಾರರು. ಪಿಪಿಟಿ ಇಲ್ಲದವರು.

ಇನ್ನು ತರಬೇತಿ ಪಡೆದ ಹೆಂಗಸರ ಗತಿ. ಅವರು ಹಗಲೆಲ್ಲ ಕೂತು ಮಾಡಿದ್ದಕ್ಕೆ ಮಜೂರಿ ಸೇರಿಸಿ ಬೆಲೆ ಹೇಳಿದರೆ ಗಿರಾಕಿ ಗೋಕರ್ಣದ ಅಂಗಡಿಯ ರೇಟು ಹೇಳುತ್ತಾನೆ. ಅಲ್ಲಿ ಕಾರ್ಖಾನೆ ಮಾಲು ಅಗ್ಗಕ್ಕೆ ಸಿಗುತ್ತದೆ. ವಿದೇಶದಿಂದ ಬಂದವರು ಅದನ್ನೇ ಭಾರತದ ನೆನಪಿಗೆಂದು ಕೊಂಡು ವಾಪಸು ಒಯ್ಯುತ್ತಾರೆ. ಹೀಗೆ ಒಜಿಬ್ವೆ ಬಳೆ ಕಡಲು ದಾಟಿ ಬಂದು, ಓಂ ಬೀಚಿನಲ್ಲಿ ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಮತ್ತೆ ವಿಮಾನ ಹತ್ತುತ್ತದೆ. ನಮ್ಮ ಹೆಂಗಸರ ಮಾಲು ಕಪಾಟಿನಲ್ಲೇ ಇರುತ್ತದೆ.

ಹಾಗಂತ ಪೂರ್ತಿ ನಷ್ಟವೇನಿಲ್ಲ. ಸಭೆಗಳಲ್ಲಿ ಹಾರ, ಹಣ್ಣಿನ ಬುಟ್ಟಿಯ ಬದಲು ಇದನ್ನೇ ಕೊಡೋಣ ಎಂಬ ಸಲಹೆ ಬಂದಿದೆ. ಕಚೇರಿಗಳಿಂದಲೂ ಬೇಡಿಕೆ ಇದೆಯಂತೆ. ಸಾಹೇಬರ ಕೊಠಡಿಗೆ ಎರಡು ಅಡಿಯದ್ದು, ಗುಮಾಸ್ತರ ಮೇಜಿಗೆ ಚಿಕ್ಕದು. ಮಧ್ಯಾಹ್ನ ಊಟದ ನಂತರ ಕೆಟ್ಟ ಕನಸು ಬಿದ್ದು ಯಾರೂ ದಿಗ್ಗನೆ ಎದ್ದು ಕೂರಬಾರದಲ್ಲ. ಎದ್ದರೆ ಕಡತ ಕಣ್ಣಿಗೆ ಬೀಳುತ್ತದೆ.